ಮುಖ ನೋಡಿ ತೆರೆಯುವ ಬಾಗಿಲು

ಮಾರ್ಚ್ 4, ಸಂಜೆ
ಇವತ್ತೂ ಲ್ಯಾಬ್‌ನಲ್ಲಿ ಎರಡು ಸೆಟ್ ಕಟ್ಟುಹಲ್ಲು ಮಾಡಿದೆ. ಒಂದು ಮೇಲ್ದವಡೆಗೆ ಕೂರಲೇ ಇಲ್ಲ, ಮತ್ತೆ ಮೇಣದಿಂದ ಶುರು. ಮನೆಗೆ ಬಂದು ಹೊಸ ಬೀಗಕ್ಕೆ ಮುಖ ತೋರಿಸಿದೆ. ನನ್ನ ಹೆಸರು ಹಿಡಿದು ‘ಸ್ವಾಗತ’ ಎಂದಿತು. ಅಷ್ಟಾದರೂ ಮಾತಾಡುವವರು ಇದ್ದಾರಲ್ಲ...
ಅಕ್ಕನ ಸಿಟ್ಟು ಇಳಿದಿಲ್ಲ. ಬೀಗ ಹಾಕಿಸಿದ ದಿನ, ತನ್ನ ಹತ್ತಿರವಿದ್ದ ಹಳೇ ಕೀಯನ್ನು ಮೇಜಿನ ಮೇಲೆ ಎಸೆದು ಹೋದವಳು.
“ಇಷ್ಟು ವರ್ಷ ನನ್ನನ್ನ ನಂಬಿದ್ದೆ. ಈಗ ಮಷೀನ್ ಬಂತಲ್ಲ, ಅದನ್ನೇ ಅಕ್ಕ ಅಂತ ಕರಿ!”
ಹತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೇ ಇಷ್ಟು ಜೋರು. ನಾವು ಅವಳಿ ಎಂದರೆ ಈಗ ಯಾರೂ ನಂಬುವುದಿಲ್ಲ. ಅವಳು ದುಂಡಗೆ, ನಾನು ಕಡ್ಡಿ. ಅವಳ ಮುಖವನ್ನೂ ಬೀಗಕ್ಕೆ ಸೇರಿಸೋಣ ಎಂದುಕೊಂಡಿದ್ದೆ. ಹೇಳಲು ಬಿಟ್ಟರೆ ತಾನೆ?

ಮಾರ್ಚ್ 9
ಮನೆಯಲ್ಲಿದ್ದ ಏಪ್ರನ್ನಿನ ಜೇಬು ಹರಿದಿತ್ತು. ಈಗ ನೋಡಿದರೆ ಹೊಲಿದಿದೆ. ಯಾವಾಗ ಹೊಲಿದೆ? ಗಿಡಗಳಿಗೂ ನೀರು ಬಿದ್ದಿದೆ. ಫೋನಿನಲ್ಲಿ ಬೀಗದ ದಾಖಲೆ ನೋಡಿದೆ — ಮಧ್ಯಾಹ್ನ ನನ್ನ ಮುಖಕ್ಕೇ ಬಾಗಿಲು ತೆರೆದಿದೆಯಂತೆ! ಊಟದ ಬಿಡುವಿನಲ್ಲಿ ಒಬ್ಬಳೇ ಅಡ್ಡಾಡುವುದು ರೂಢಿ. ಮನೆಗೆ ಬಂದಿದ್ದೆನೇ? ನೆನಪೇ ಇಲ್ಲ.
ಅಮ್ಮನಿಗೂ ಹೀಗೇ ಶುರುವಾದದ್ದು. ಕೊನೆಗೆ ನಮ್ಮಿಬ್ಬರನ್ನೂ “ನೀವು ಯಾರ ಮಕ್ಕಳಮ್ಮಾ?” ಎಂದು ಕೇಳುತ್ತಿದ್ದಳು. ಭಯವಾಗುತ್ತಿದೆ.

ಮಾರ್ಚ್ 17
ಮತ್ತೆ ಆಯಿತು. ಒಣಗಹಾಕಿದ್ದ ಬಟ್ಟೆಯೆಲ್ಲ ಮಡಿಸಿಟ್ಟಿದೆ. ಶುಕ್ರವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಅಕ್ಕನಿಗೆ ಹೇಗೆ ಹೇಳಲಿ...
ಬೀಗದವನನ್ನು ಕರೆಸಿದೆ.
“ಮಷೀನ್ ಸುಳ್ಳು ಹೇಳಲ್ಲ ಮೇಡಂ. ಒಳಗೆ ಬಂದಿದ್ದು ನೀವೇ.”
“ನನಗೆ ನೆನಪಿಲ್ವಲ್ಲಪ್ಪಾ!”
ತಲೆ ಕೆರೆದುಕೊಂಡ. “ಅವಳಿ-ಜವಳಿ ಇದ್ರೆ ಒಂದೊಂದ್ಸಲ ಏಮಾರುತ್ತೆ. ನಿಮಗೆ ಹಾಗೆ ಯಾರೂ...?”
ಏಪ್ರನ್ ತಂದು ಬೆಳಕಿಗೆ ಹಿಡಿದೆ. ಹೊಲಿಗೆ ಉಲ್ಟಾ ವಾಲಿದೆ. ಎಡಗೈಯವರ ಹೊಲಿಗೆ. ಅಕ್ಕನದು.
ಅವನೆದುರೇ ಅತ್ತುಬಿಟ್ಟೆ. ಪಾಪ, ಹೆದರಿದ.
“ಪಾಸ್‌ವರ್ಡೂ ಹಾಕ್ಕೊಡ್ಲಾ ಮೇಡಂ? ಆಮೇಲೆ ಬೇರೆ ಯಾರೂ ಬರಕ್ಕಾಗಲ್ಲ.”
“ಮುಟ್ಟಿದ್ರೆ ನೋಡು!” ಎಂದೆ.

ಮಾರ್ಚ್ 18, ಮಧ್ಯಾಹ್ನ
ರಜೆ ಹಾಕಿದೆ. ಚಪ್ಪಲಿ ಒಳಗೆ ಬಚ್ಚಿಟ್ಟು, ಎರಡು ಲೋಟ ಟೀ ಮಾಡಿ ಮುಚ್ಚಿಟ್ಟು ಕೂತಿದ್ದೇನೆ. ಚೆನ್ನಾಗಿ ಬೈಯಬೇಕು. ಡಾಕ್ಟರ ಹತ್ತಿರ ಓಡುವಷ್ಟು ಹೆದರಿಸಿದಳಲ್ಲ! ಬಾಯಿ ಬರುತ್ತದೋ ಇಲ್ಲವೋ. ರಾಜಿ ಮಾಡಿಕೊಳ್ಳಲು ಬಂದು ಬೆಲ್ ಒತ್ತಲು ಹೋಗಿರಬೇಕು. ಬಾಗಿಲು ತಾನಾಗಿ ತೆರೆದಿರಬೇಕು. ಒಳಗೆ ಬಂದಳು, ಗಿಡ ನೋಡಿದಳು, ಜೇಬು ನೋಡಿದಳು... ಸುಮ್ಮನಿರುವ ಜಾತಿಯೇ ಅಲ್ಲ. ಎಷ್ಟು ಇಷ್ಟ ನನಗೆ ಇವಳು. ಎಲ್ಲರ ಕಣ್ಣಿಗೂ ನಾವು ಬೇರೆ ಬೇರೆ ಆಗಿಬಿಟ್ಟಿದ್ದೆವು. ಈ ಡಬ್ಬಕ್ಕೆ ಮಾತ್ರ ಇನ್ನೂ ಒಂದೇ.
ಮೆಟ್ಟಿಲ ಮೇಲೆ ಏದುಸಿರು. ಅವಳೇ. ಬೀಗಕ್ಕೂ ಬೈಗುಳ — “ಬೇಗ ತೆಗಿಯೇ, ನಾನೇ ಕಣೇ!”
ನನ್ನ ಹೆಸರು ಹಿಡಿದು ‘ಸ್ವಾಗತ’ ಎಂದಿತು. ಅವಳು “ಹ್ಞೂಂ” ಅಂದಳು. ಬಂದೇಬಿಟ್ಟಳು, ಬರೆಯುವುದು ಸಾಕು.