ನಾಸಿಕದಲ್ಲಿ ಉಳಿಸಿದ ಹೊಗೆ

ಮಾನ್ಯ ಇಂಧನ ಉಳಿತಾಯದ ಅಧಿಕಾರಿಗಳೇ,

ನಮ್ಮ ಕಾರ್ಖಾನೆ ಈ ಸಲವೂ ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿದೆ. ಅಭಿನಂದನೆ ಯಾರಿಗೆ ಹೇಳಲಿ? ಒಂದು ಬುಟ್ಟಿ ಕಲ್ಲಿದ್ದಲನ್ನೂ ಕಡಿಮೆ ಸುಡದೆ, ಮುದಿ ಬಾಯ್ಲರಿನ ಒಂದು ಬೋಲ್ಟನ್ನೂ ಬದಲಿಸದೆ, ಏಜೆಂಟನ ಮೂಲಕ ಹರಾಜಿನಲ್ಲಿ ಬೇರೆಯವರ ಉಳಿತಾಯವನ್ನು ಕೊಂಡು ಪಾಸಾಗಿದೆ. ನೀವು ಒಪ್ಪಿ ಮುದ್ರೆ ಒತ್ತಿದ್ದೀರಿ. ಆ ಬಾಯ್ಲರಿನ ಹಿಂದಿನ ಕ್ವಾರ್ಟರ್ಸಿನಲ್ಲಿ ನನ್ನ ಹತ್ತು ವರ್ಷದ ಮಗಳು ರುಚಿತಾ ಉಸಿರಿಗೆ ಒದ್ದಾಡುತ್ತಾಳೆ. ಅವಳ ಪರವಾಗಿ ಉಸಿರು ಕೊಂಡು ತರುವ ಏಜೆಂಟರಿದ್ದರೆ ದಯವಿಟ್ಟು ವಿಳಾಸ ಕೊಡಿ.

ಮಹಾರಾಷ್ಟ್ರದಲ್ಲಿ ಕೂತು ಇದನ್ನು ಕನ್ನಡದಲ್ಲಿ, ನಮ್ಮೂರ ಪತ್ರಿಕೆಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನಿಮಗೂ ಅರ್ಥವಾಗುತ್ತದೆ, ನಮ್ಮ ಮ್ಯಾನೇಜರಿಗೂ ಅರ್ಥವಾಗುತ್ತದೆ. ನಿಮಗೆ ಅರ್ಥವಾದರೆ ಪತ್ರ ಕಡತಕ್ಕೆ ಹೋಗುತ್ತದೆ, ಅವರಿಗೆ ಅರ್ಥವಾದರೆ ನಾನು ಮನೆಗೆ ಹೋಗುತ್ತೇನೆ. ನಿಮ್ಮ ಕಚೇರಿಯಲ್ಲೂ ವರ್ಗವಾಗಿ ಬಂದ ಕನ್ನಡದವರೊಬ್ಬರು ಇದ್ದೇ ಇರುತ್ತಾರೆ. ಅವರಿಂದ ಓದಿಸಿಕೊಳ್ಳಿ.

ನಾನು ಬಾಯ್ಲರ್ ಎಂಜಿನಿಯರ್. ಮೊದಲು ನಾಸಿಕದ ಒಂದು ಕಾಗದದ ಕಾರ್ಖಾನೆಯಲ್ಲಿದ್ದೆ. ಇಷ್ಟು ಇಂಧನ ಉಳಿಸಿ ಎಂಬ ನಿಮ್ಮ ಗುರಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಹಬೆ ಸೋರುವ ಪೈಪುಗಳನ್ನು ಹುಡುಕಿ ಮುಚ್ಚಿಸಿದೆ. ಚಿಮಣಿಯಲ್ಲಿ ದಂಡವಾಗಿ ಹೋಗುತ್ತಿದ್ದ ಬಿಸಿಯಿಂದ ಬಾಯ್ಲರಿನ ನೀರು ಕಾಯುವಂತೆ ಮಾಡಿದೆ. ಉಳಿತಾಯ ಗುರಿಯನ್ನೂ ದಾಟಿತು. ನೀವು ಮೆಚ್ಚಿ ಆ ಹೆಚ್ಚಿನ ಉಳಿತಾಯಕ್ಕೆ ಕಾರ್ಖಾನೆಗೆ ಪ್ರಮಾಣಪತ್ರ ಕೊಟ್ಟಿರಿ, ಬೇಕಾದರೆ ಗುರಿ ಮುಟ್ಟದವರಿಗೆ ಮಾರಿಕೊಳ್ಳಿ ಎಂದಿರಿ. ಅಷ್ಟರಲ್ಲಿ ಬ್ಯಾಂಕಿನಲ್ಲಿರುವ ನನ್ನ ಹೆಂಡತಿ ನಿರುಪಮಾಳಿಗೆ ಔರಂಗಾಬಾದಿಗೆ ವರ್ಗವಾಯಿತು. ನಾನೂ ಇಲ್ಲಿನ ಕಾಗದದ ಕಾರ್ಖಾನೆ ಸೇರಿದೆ. ಬಾಯ್ಲರ್ ನೋಡುವವನು ಕ್ವಾರ್ಟರ್ಸಿನಲ್ಲೇ ಇರಬೇಕೆಂಬುದು ಕರಾರು. ದೀಪಾವಳಿ ರಜೆಯಲ್ಲಿ ಹಳೆಯ ಬಾಯ್ಲರ್ ಕಿತ್ತು ಹೊಸದು ಹಾಕುತ್ತೇವೆಂದು ನಂಬಿಸಿದ್ದರು. ದೀಪಾವಳಿ ಬಂತು, ಬಾಯ್ಲರ್ ಬರಲಿಲ್ಲ.

ಕಾರಣ ತಿಳಿದದ್ದು ಹರಾಜಿನ ಏಜೆಂಟ್ ಸದಾನಂದರಿಂದ. ಬೆಳಗಾವಿ ಕಡೆಯವರು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮ ಜನ ವ್ಯಾಪಾರದ ಗುಟ್ಟನ್ನೂ ಚಹಾದ ಜೊತೆ ಕೊಟ್ಟುಬಿಡುತ್ತಾರೆ.

“ಮಾರಾವ್ರೂ ನಮ್ಮ ಪಾರ್ಟಿ, ತಗೊಳ್ಳಾವ್ರೂ ನಮ್ಮ ಪಾರ್ಟಿ ರೀ. ನಿಮ್ಮ ನಾಸಿಕದ ಮಾಲ್ ಹರಾಜಿಗೆ ಬಂತು. ಸ್ವಸ್ತಾ, ಅಗ್ಗದಾಗ ಸಿಕ್ತು, ಇವರಿಗೆ ಕೊಡಿಸಿಬಿಟ್ಟೆ. ಇನ್ನ ಹೊಸಾ ಬಾಯ್ಲರ್ ಯಾಕ ಬೇಕ್ರಿ ಇವರಿಗೆ?”

“ಅದನ್ನ ಉಳಿಸಿದಾಂವ ನಾನಽ ರೀ,” ಎಂದೆ.

“ಹೌದೇನ್ರಿ? ಭಾಳ ಛಲೋ ಕೆಲಸ ಮಾಡೀರಿ ಬಿಡ್ರಿ!” ಎಂದು ನನ್ನ ಕೈ ಕುಲುಕಿದರು.

ದೇಶದ ಒಟ್ಟು ಲೆಕ್ಕದಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತೀರಿ. ಅಲ್ಲಿ ಇಳಿದದ್ದಕ್ಕೂ ಇಲ್ಲಿ ಏರಿದ್ದಕ್ಕೂ ಸರಿಹೋಯಿತು. ಆದರೆ ನನ್ನ ಮಗಳು ಉಸಿರಾಡುವುದು ದೇಶದ ಸರಾಸರಿ ಗಾಳಿಯನ್ನೇ? ನಾನು ನಾಸಿಕದಲ್ಲಿ ಮೈಮುರಿದು ದುಡಿಯದಿದ್ದರೆ ಈ ಮುದಿ ಬಾಯ್ಲರ್ ಇಷ್ಟು ಸುಲಭವಾಗಿ ಬಚಾವಾಗುತ್ತಿತ್ತೇ? ಇನ್ನು ಇಲ್ಲಿಯೂ ಹಾಗೆಯೇ ಉಳಿಸಿದೆನೆನ್ನಿ, ಅದನ್ನು ಕೊಂಡುಕೊಂಡು ಯಾವ ಊರಿನ ಚಿಮಣಿ ಯಾರ ಮಗುವಿನ ಮೇಲೆ ಹೊಗೆ ಕಾರುತ್ತದೋ! ಉಳಿಸಿದರೂ ಕುತ್ತು, ಉಳಿಸದಿದ್ದರೂ ಕುತ್ತು. ಇಂಥ ಬೋನು ಕಟ್ಟಲು ನೀವು ಎಷ್ಟು ಮಂದಿ ಸಭೆ ಸೇರಿದ್ದಿರಿ? ಬೇರೆ ನೌಕರಿ ಹುಡುಕಿ ಸೋತಿದ್ದೇನೆ. ನಿರುಪಮಾಳ ಮುಂದಿನ ವರ್ಗ ಇನ್ನೂ ದೂರವಿದೆ. ಮಗುವನ್ನು ಈ ಊರಿನ ಹವೆಯಿಂದಲೇ ದೂರವಿಡಿ ಎಂದು ಡಾಕ್ಟರು ಹೇಳಿದ ಮೇಲೆ, ಅವಳೊಬ್ಬಳನ್ನೇ ಧಾರವಾಡದ ನನ್ನ ತಂಗಿಯ ಮನೆಗೆ ಕಳಿಸುವ ಮಾತು ನಡೆದಿದೆ. ನನಗೆ ಈಗ ಸಿಟ್ಟಿಗಿಂತ ಭಯವೇ ಹೆಚ್ಚು.

ನಾನು ಕೇಳುವುದು ಇಷ್ಟೇ. ಮುಂದಿನ ಸಲ ನಮ್ಮ ಕಾರ್ಖಾನೆ ಹರಾಜಿನಲ್ಲಿ ಕೊಂಡ ಪ್ರಮಾಣಪತ್ರ ಹಿಡಿದು ಬಂದರೆ ತಿರುಗಿಸಿ ಕಳಿಸಿ, ಬಾಯ್ಲರ್ ಬದಲಿಸಿ ಬನ್ನಿ ಎನ್ನಿ. ಅದು ನಿಮ್ಮಿಂದ ಆಗದಿದ್ದರೆ ಜೂನಿನಲ್ಲಿ ಶಾಲೆ ತೆರೆಯುವ ಮೊದಲೇ ತಿಳಿಸಿ, ಮಗುವನ್ನು ಧಾರವಾಡದಲ್ಲಿ ಸೇರಿಸಬೇಕು. ನಿನ್ನೆ ರುಚಿತಾ ಮರಾಠಿ ಬೆರೆತ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು: “ಪಪ್ಪಾ, ಹೊಗಿ ಕಾರ್ಖಾನಿದು ನಾ? ಮತ್ತ ಮನಿ ಬಿಟ್ಟು ನಾ ಯಾಕ ಹೋಗೂದು?”

ಇದಕ್ಕೆ ಉತ್ತರವನ್ನು ಅವಳಿಗೆ ನೀವೇ ಬರೆಯಿರಿ.

ಇಂತಿ,
ಗುರಿಗಿಂತ ಹೆಚ್ಚು ಉಳಿಸಿ ಸಿಕ್ಕಿಬಿದ್ದ
ಬಿಂದುಮಾಧವ
ಬಾಯ್ಲರ್ ಹಿಂದಿನ ಕ್ವಾರ್ಟರ್ಸ್, ಔರಂಗಾಬಾದ್