ಒಲೆಯ ಮೇಲಿನ ದೀಪ

ಮುಕ್ಕಾಂ ಇಚಲಕರಂಜಿ, ೧೯೪೬

ಮಂಗಲಳ ಅಪ್ಪನವರಿಗೆ,

ನೀವು ಕಣ್ಣು ಮುಚ್ಚಿದ ಮೇಲೆ ಡೇರೆ ಹಾಕಿದ ಮೊದಲ ಊರು ಇದು. ಸಿನಿಮಾ ಲಾರಿಯ ಹಿಂದೆ ಎಳೆಯುವ ನಮ್ಮ ಮನೆಗಾಡಿಯಲ್ಲಿ ಇವತ್ತು ದೀಪಗಳೆಲ್ಲ ಆರಿದವು. ನಿಮ್ಮ ತಮ್ಮ ಜಿನಗೊಂಡ ಹಲಗೆ ಬಿಚ್ಚಿ, ಇಲಿ ಕಡಿದ ತಂತಿ ಹುಡುಕಿ ಜೋಡಿಸಿದ. ಎಲ್ಲ ಹತ್ತಿದವು, ಒಲೆಯ ಮೇಲಿನದೊಂದನ್ನು ಬಿಟ್ಟು.

ಅದು ನೀವಿದ್ದಾಗಲೇ, ಗಡಹಿಂಗ್ಲಜದಲ್ಲಿ ಡೇರೆ ಹಾಕಿದ್ದಾಗ ಆರಿದ್ದು ಮತ್ತೆ ಹತ್ತಲೇ ಇಲ್ಲ. ಊರಿಗೆಲ್ಲ ಬೆಳಕಿನ ಆಟ ತೋರಿಸುವವರಿಗೆ ನನ್ನ ಒಲೆ ಕಾಣುವುದಿಲ್ಲ ಎಂದು ನಿಮ್ಮನ್ನು ಅಣಕಿಸುತ್ತಿದ್ದೆ. "ವಾಯರ್ ಭಾಳ ಹಳೇದೈತಿ. ಕತ್ತಲಾಗೂದ್ರಾಗ ಎಲ್ಲಾರಿಗೂ ಉಣ್ಣಾಕ ನೀಡಿಬಿಡು" ಎನ್ನುತ್ತಿದ್ದಿರಿ.

"ವೈನಿ, ಇದು ಕೆಟ್ಟಿಲ್ಲರೀ," ಎಂದ ಜಿನಗೊಂಡ. "ಅಣ್ಣಾನೇ ವಾಯರ್ ಬಿಚ್ಚಿ, ತುದಿಗೆ ಚಂದಾಗಿ ಪಟ್ಟಿ ಸುತ್ತ್ಯಾನ."

ಮೊದಲು ಡೇರೆಯ ಆಳುಗಳು, ದೀಪ ಇದೆಯಲ್ಲ ಎಂದು, ಕತ್ತಲಾದ ಮೇಲೆಯೇ ಉಣ್ಣಲು ಬರುತ್ತಿದ್ದರು. ಅವರಿಗೆ ಬಡಿಸದೆ ನಾನು ಉಣ್ಣುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಜೈನರ ಮಗಳು ಉಣ್ಣುವಂತಿರಲಿಲ್ಲ. ಹಸಿದೇ ಮಲಗುತ್ತಿದ್ದೆ. ಅದನ್ನು ನಿಮಗೆ ಎಂದೂ ಹೇಳಿರಲಿಲ್ಲ.

"ಜೋಡಿಸ್ಲೇನ್ರಿ?" ಎಂದು ಜಿನಗೊಂಡ ಕೇಳಿದ.

ಬೇಡವೆಂದೆ. ಹೊರಗೆ ಇನ್ನೂ ಬಿಸಿಲಿತ್ತು. ಎಲ್ಲರನ್ನೂ ಊಟಕ್ಕೆ ಕರೆದೆ.