ದಂಡೆಯಲ್ಲಿ ಕೂಗಿದ ಹೆಸರು

18 ಡಿಸೆಂಬರ್ 2024, ಬೆಳಿಗ್ಗೆ 6

ಎದ್ದವಳೇ ಎರಡೂ ಬಕೆಟ್ ತುಂಬಿಸಿಟ್ಟೆ. ಚೊಂಬನ್ನೂ ಬಿಡಲಿಲ್ಲ. ಐದು ದಿನಕ್ಕೊಮ್ಮೆ ನಳದ ನೀರು ಬರುವ ತಿಕೋಟಾದವಳು, ಕೈ ಕೇಳಬೇಕಲ್ಲ! ಇವರು ಹಾಸಿಗೆಯಿಂದಲೇ ನಕ್ಕರು. "ಏ ಮಾಲಾ, ಇಲ್ಲಿ ನಳ ಯಾವಾಗ್ಲೂ ಇರ್ತದ. ಸುಮ್ಮ ಕುಂಡ್ರು."

ಎದೆಗೆ ಸ್ಟೆಂಟ್ ಹಾಕಿದ ಮೇಲೆ ಮೊದಲ ನಗು. ಆಗಸ್ಟಿನಿಂದ ಕಾಯುತ್ತಿದ್ದೆ.

ಮಗಳು ವಿಶಾಖಾ ಬುಕ್ ಮಾಡಿದ ರೆಸಾರ್ಟ್. ಕುಮಟಾದ ಆಚೆ, ದೋಣಿಯಲ್ಲೇ ಬರಬೇಕು. ಟಿವಿ ಇಲ್ಲ, ನೆಟ್ ಇಲ್ಲ. ಬಂದ ಕೂಡಲೇ ರೆಸಾರ್ಟಿನವರು ಇಬ್ಬರ ಫೋನೂ ಬಟ್ಟೆಚೀಲಕ್ಕೆ ಹಾಕಿ ಒಯ್ದರು. ಪುಣ್ಯ ಬರಲಿ ಅವಳಿಗೆ.

19, ಮಧ್ಯಾಹ್ನ

ಒಂದು ಪೇಚು. ಫೋನಿಲ್ಲದೆ ಇವರನ್ನು ಕರೆಯುವುದು ಹೇಗೆ? ಮೂವತ್ತು ವರ್ಷ ಹೆಸರು ಹಿಡಿದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದೇ ಕಡೆ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ — ಅತ್ತೆ ಪರಸವ್ವ ಅಂದೇ ಹೇಳಿದ್ದರು. ಊರಲ್ಲಾದರೆ ಒಂದು ಮಿಸ್ಡ್ ಕಾಲ್, ಬಂದುಬಿಡುತ್ತಾರೆ. ಇಲ್ಲಿ ಊಟಕ್ಕೂ ಮರಳು ತುಳಿದು ಹೋಗಿ ಬೆನ್ನು ತಟ್ಟಬೇಕು! ಇವರಿಗೋ ಮಜಾ. ಬೇಕಂತಲೇ ದೂರ ಹೋಗಿ ಕೂಡುತ್ತಾರೆ.

20, ಸಂಜೆ

ಇವತ್ತು ಅಕ್ಷರ ಸೊಟ್ಟ.

ಇವರು ಬಂಡೆಯ ತುದಿಗೆ ನಡೆದು ಹೋಗಿ ಸಮುದ್ರದ ಕಡೆ ಮುಖ ಮಾಡಿ ಕುಳಿತಿದ್ದರು. ಹೋಗುವಾಗ ದಾರಿಯೆಲ್ಲ ಬರೀ ಮರಳು. ನೀರು ನಮ್ಮ ಬೇಗಂ ತಲಾಬ ಕೆರೆಯ ಹಾಗೆ ಇದ್ದಲ್ಲೇ ಇರುತ್ತದೆ ಅಂದುಕೊಂಡವರು ನಾವು. ಹೊತ್ತು ಹೊತ್ತಿಗೆ ಏರಿ ಬರುತ್ತದೆ ಅಂತ ಯಾರಿಗೆ ಗೊತ್ತು? ನೋಡನೋಡುತ್ತ ಬಂಡೆಯ ಸುತ್ತ ನೀರು. ಇವರಿಗೆ ಈಜು ಬರದು.

"ರೀ...! ಇಲ್ನೋಡ್ರಿ...!" ತೆರೆಯ ಸದ್ದಿನಲ್ಲಿ ಎಲ್ಲಿ ಕೇಳಬೇಕು? "ವಿಶಾಖಾನ ಅಪ್ಪಾ!" ಊಹೂಂ. ಅತ್ತೆಯ ಮಾತು ನೆನಪಾಯಿತು. ಆಯುಷ್ಯ ಕಣ್ಣೆದುರೇ ಮುಳುಗುತ್ತಿದೆಯಲ್ಲ!

"ರಾಜಾರಾಮಾ! ಏ ರಾಜಾರಾಮಾ!"

ತಟ್ಟನೆ ತಿರುಗಿದರು. ಸೊಂಟಮಟ್ಟದ ನೀರು ದಾಟಿ ಬಂದರು. ಏದುಸಿರು ಬಿಡುತ್ತ, "ನಮ್ಮವ್ವನ ಬಿಟ್ಟರ ಹಿಂಗ ಯಾರೂ ಕರದಿಲ್ಲ ನನ್ನ," ಅಂದರು. ನಾನು ಅಳುತ್ತಿದ್ದೆ.

ಉಳಿದರು. ಸಮುದ್ರಕ್ಕೂ ಕೈ ಮುಗಿದೆ. ಬಿಟ್ಟುಕೊಟ್ಟಿತಲ್ಲ.

24, ತಿಕೋಟಾ, ಸಂಜೆ

ಫೋನ್ ವಾಪಸ್ ಬಂದಿವೆ. ಇವರು ಅತ್ತೆಯ ಮುಂದೆ ಎಲ್ಲ ಹೇಳಿಬಿಟ್ಟರು — ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದು! ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೆ. ಅತ್ತೆ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ನಾ ಒಮ್ಮಿನೂ ನಿಮ್ಮ ಮಾವನ ಹೆಸರ ಹಿಡೀಲಿಲ್ಲ," ಅಂದರು. "ಆದ್ರೂ ನಲವತ್ತಕ್ಕ ಹೋದ್ರು. ನೀ ಕರಿ ಯವ್ವಾ. ನಾನೂ ಕೇಳ್ತೀನಿ."

ಚಹಾ ಸೋಸಿಟ್ಟಿದ್ದೇನೆ. ಇವರು ಮಾಳಿಗೆಯ ಮೇಲೆ. ಫೋನ್ ಎತ್ತಿಕೊಂಡೆ, ಮತ್ತೆ ಇಟ್ಟೆ. ಅತ್ತೆ ಬಾಗಿಲಲ್ಲಿ ಕುಳಿತು ಕಾಯುತ್ತಿದ್ದಾರೆ. ರಾಜಾರಾ—